ತಾಮ್ರಪಟವೂ ಧ್ವನಿಪಟವೂ

ಖಾನಾಪುರದಿಂದ ನಂದಗಡದ ಮಾರ್ಗವಾಗಿ ಹಲಸಿಗೆ ಬರುವ ಪ್ರವಾಸಿಗೆ ಮೊದಲು ಕಾಣುವುದು ಭತ್ತದ ಗದ್ದೆಗಳ ನಡುವಿನ ಒಂದು ಸಾಧಾರಣ ಹಳ್ಳಿ. ಆದರೆ ಇದೇ ಹಲಸಿಯು ಒಂದು ಕಾಲಕ್ಕೆ ಪಲಾಶಿಕಾ ಎಂಬ ಹೆಸರು ಹೊತ್ತು, ಬನವಾಸಿಯ ಕದಂಬರಿಗೆ ಎರಡನೆಯ ರಾಜಧಾನಿಯಾಗಿದ್ದಿತೆಂಬುದನ್ನು ವಾಚಕರು ಬಲ್ಲರು. ಇಲ್ಲಿ ದೊರೆತ ತಾಮ್ರಪಟಗಳನ್ನು ಜೆ. ಎಫ್. ಫ್ಲೀಟ್ ಅವರು 1877ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯ ಆರನೆಯ ಸಂಪುಟದಲ್ಲಿ ಪ್ರಕಟಿಸಿದರು. ತನ್ನನ್ನು ಕಾಪಾಡಿದ ಸೇನಾಪತಿ ಶ್ರುತಕೀರ್ತಿಗೆ ಕಾಕುಸ್ಥವರ್ಮನು ಕೊಟ್ಟ ಭೂಮಿ, ತಂದೆಯ ನೆನಪಿಗಾಗಿ ಮೃಗೇಶವರ್ಮನು ಕಟ್ಟಿಸಿದ ಜಿನಾಲಯ, ಪ್ರತಿವರ್ಷವೂ ಕಾರ್ತಿಕದಲ್ಲಿ ಎಂಟು ದಿನ ಜಿನೇಂದ್ರನ ಉತ್ಸವ ನಡೆಯಬೇಕೆಂಬ ರವಿವರ್ಮನ ಕಟ್ಟಳೆ, ಇವೆಲ್ಲ ನಮಗೆ ತಿಳಿದದ್ದು ಆ ತಗಡುಗಳಿಂದ. ಆದರೆ ಆ ಎಂಟು ದಿನ ಯಾವ ವಾದ್ಯ ಮೊಳಗಿತು? ಪಲಾಶಿಕೆಯ ಹೆಂಗಳೆಯರು ಯಾವ ಮಟ್ಟಿನಲ್ಲಿ ಹಾಡಿದರು? ತಾಮ್ರವು ಅಕ್ಷರವನ್ನು ಒಂದೂವರೆ ಸಾವಿರ ವರ್ಷ ಹಿಡಿದಿಟ್ಟಿತು, ದನಿಯನ್ನು ಹಿಡಿಯಲಿಲ್ಲ.

ಕಾಕತಾಳೀಯವೋ ಏನೋ, ಫ್ಲೀಟರು ನಮ್ಮೂರ ತಾಮ್ರಪಟಗಳನ್ನು ಅಚ್ಚಿಗೆ ಕೊಟ್ಟ ಆ 1877ರಲ್ಲಿಯೇ ಅಮೇರಿಕೆಯ ಎಡಿಸನ್ನನು ತವರದ ತೆಳ್ಳನೆಯ ಹಾಳೆಯ ಮೇಲೆ ತನ್ನ ಮಾತನ್ನು ಬರೆದು, ಅದನ್ನು ಮರಳಿ ಕೇಳಿದನು. ಒಬ್ಬರು ಹಳೆಯ ಅಕ್ಷರವನ್ನು ಓದುತ್ತಿದ್ದಾಗ ಇನ್ನೊಬ್ಬನು ದನಿಗೆ ಅಕ್ಷರಾಭ್ಯಾಸ ಮಾಡಿಸುತ್ತಿದ್ದನು. ಅವೆರಡೂ ಒಂದೆಡೆ ಸೇರಲು ಮಾತ್ರ ಬಹುಕಾಲ ಬೇಕಾಯಿತು. ಫ್ಲೀಟರೇ ಮುಂದೆ 1885ರಿಂದೀಚೆಗೆ ಕನ್ನಡ ಲಾವಣಿಗಳನ್ನು ಅದೇ ಪತ್ರಿಕೆಯಲ್ಲಿ ಪ್ರಕಟಿಸಿದರು. ಹಲಗಲಿಯ ಬೇಡರ ದಂಗೆ, ಸಂಗೊಳ್ಳಿ ರಾಯಣ್ಣನ ಬಂಡಾಯ ಅವುಗಳಲ್ಲಿ ಸೇರಿವೆ. ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ್ದು ಹಲಸಿಯ ದಾರಿಯಲ್ಲಿಯೇ ಇರುವ ನಂದಗಡದಲ್ಲಿ. ಆ ಲಾವಣಿಗಳ ಪದಗಳು ನಮಗೆ ದಕ್ಕಿದವು. ಅವನ್ನು ಡಪ್ಪಿನ ಗತ್ತಿನಲ್ಲಿ ಎತ್ತಿ ಹೇಳಿದವರ ಕಂಠ ದಕ್ಕಲಿಲ್ಲ.

ಯಂತ್ರವು ಹಾಡುಗಾರನ ಮನೆಬಾಗಿಲಿಗೆ ಹೋಗುವುದೋ, ಹಾಡುಗಾರನು ಯಂತ್ರದ ಬಾಗಿಲಿಗೆ ಬರುವುದೋ? ಧ್ವನಿಮುದ್ರಣದ ಇತಿಹಾಸವೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ತಿರುಗಿದೆಯೆಂದು ನನಗೆ ತೋರುತ್ತದೆ. 1890ರಲ್ಲಿ ಫ್ಯೂಕ್ಸ್ ಎಂಬ ವಿದ್ವಾಂಸನು ಮೇಣದ ಉರುಳೆಯ ಯಂತ್ರವನ್ನು ಅಮೇರಿಕೆಯ ಮೇನ್ ಪ್ರಾಂತಕ್ಕೆ ಒಯ್ದು, ಅಲ್ಲಿಯ ಮೂಲನಿವಾಸಿಗಳ ಹಾಡುಗಳನ್ನು ಅವರಿದ್ದಲ್ಲಿಯೇ ಹಿಡಿದನು. ನಮ್ಮ ದೇಶಕ್ಕೆ ಗ್ರಾಮಾಫೋನು ಕಂಪನಿಗಳು ಬಂದಾಗ ಆದದ್ದು ಬೇರೆ. ಯಂತ್ರ ಪಟ್ಟಣದಲ್ಲಿ ಕುಳಿತಿತು. ಗಾಯಕರು ರೈಲು ಹತ್ತಿ ಹೋಗಿ, ತಟ್ಟೆ ತುಂಬುವ ಮೂರೂವರೆ ನಿಮಿಷದೊಳಗೆ ತಮ್ಮ ವಿದ್ಯೆಯನ್ನೆಲ್ಲ ಮಡಚಿಟ್ಟರು. ಚಿತ್ರಕ್ಕೆ ಮಾತು ಬಂದಾಗಲೂ ಅದೇ ಪಾಡು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತೆರೆ ಕಂಡಿತಷ್ಟೆ. ಅದರ ಚಿತ್ರೀಕರಣವಾದದ್ದು ನಮ್ಮ ಬೆಳಗಾವಿಗೆ ನೆರೆಯ ಕೊಲ್ಲಾಪುರದ ಛತ್ರಪತಿ ಸಿನೆಟೋನಿನಲ್ಲಿ. ಹಿನ್ನೆಲೆ ಗಾಯನವೆಂಬುದು ಆಗಿನ್ನೂ ಬಂದಿರಲಿಲ್ಲ. ನಟಿಸುವವರೇ ಹಾಡಬೇಕು, ಆಡಿದ್ದೂ ಹಾಡಿದ್ದೂ ಒಟ್ಟಿಗೇ ಮುದ್ರಣವಾಗಬೇಕು.

ಇದಕ್ಕೆ ಅಪವಾದವೆಂಬಂತೆ ಬಂದವರು ಹಾಲೆಂಡಿನ ಆರ್ನಾಲ್ಡ್ ಬಾಕೆ. ಇವರು 1938ರಲ್ಲಿ ಯಂತ್ರ ಹೊತ್ತುಕೊಂಡು ದಕ್ಷಿಣ ಭಾರತವನ್ನು ಸುತ್ತಿದರು. ಕರ್ನಾಟಕ, ಕೇರಳ, ತಮಿಳುನಾಡುಗಳ ಹಾಡು, ಕುಣಿತಗಳನ್ನು ಜನರಿದ್ದಲ್ಲಿಗೇ ಹೋಗಿ ಸಂಗ್ರಹಿಸಿದರು. ನಾಝಿರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ಅವರು 1984ರಲ್ಲಿ ಆ ಮುದ್ರಣಗಳನ್ನು ಹಿಡಿದುಕೊಂಡು ಅವೇ ಪ್ರದೇಶಗಳಿಗೆ ಮರಳಿ ಹೋಗಿ, ನಲವತ್ತಾರು ವರ್ಷಗಳಲ್ಲಿ ಉಳಿದದ್ದೇನು, ಬದಲಾದದ್ದೇನು ಎಂದು ಪರಿಶೀಲಿಸಿದರು. ಸಂಗ್ರಹಿಸಿದ ದನಿ ಹುಟ್ಟಿದ ಊರಿಗೆ ಮರಳಬೇಕೆಂಬ ಈ ವಿವೇಕ ಎಲ್ಲ ಸಂಗ್ರಾಹಕರಿಗೂ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು!

ಯಂತ್ರವು ನಿಜವಾಗಿ ಹೆಗಲಿಗೇರಿದ್ದು ಸ್ವಿಟ್ಜರ್ಲೆಂಡಿನಲ್ಲಿ. ಪೋಲೆಂಡಿನಲ್ಲಿ ಹುಟ್ಟಿದ ಸ್ಟೀಫನ್ ಕುಡೆಲ್‌ಸ್ಕಿ ಎಂಬ ತರುಣನು 1951ರಲ್ಲಿ, ಗಡಿಯಾರದಂತೆ ಕೀಲಿ ಕೊಟ್ಟು ಓಡಿಸುವ ಒಂದು ಟೇಪ್ ರಿಕಾರ್ಡರನ್ನು ಮಾಡಿದನು. ಅದಕ್ಕೆ ಅವನಿಟ್ಟ ಹೆಸರು ‘ನಾಗ್ರಾ’. ಅವನ ತಾಯ್ನುಡಿಯಲ್ಲಿ ‘ಮುದ್ರಿಸುವುದು’ ಎಂದೇ ಅರ್ಥ. 1958ರ ನಾಗ್ರಾ ಸೆಲ್ಲುಗಳಿಂದ ಓಡುತ್ತಿತ್ತು, ಟ್ರಾನ್ಸಿಸ್ಟರುಗಳಿಂದ ಕೂಡಿತ್ತು. ಅದರ ಮುಖ್ಯ ಗುಣವೆಂದರೆ ಟೇಪಿನ ವೇಗವನ್ನು ಅದು ಏರುಪೇರಾಗಗೊಡುತ್ತಿರಲಿಲ್ಲ. ಈ ವೇಗದ ಮಾತನ್ನು ವಾಚಕರು ನೆನಪಿನಲ್ಲಿಡಬೇಕು, ಏಕೆಂದರೆ ನನ್ನ ಕಥೆ ಕೆಟ್ಟದ್ದು ಅಲ್ಲಿಯೇ.

1963ರಲ್ಲಿ ಫಿಲಿಪ್ಸ್ ಕಂಪನಿಯವರು ಕ್ಯಾಸೆಟ್ಟನ್ನು ತಂದರು. ನಾನು ಕಾಲೇಜಿಗೆ ಹೋಗುವ ವೇಳೆಗೆ ಕ್ಯಾಸೆಟ್ ರಿಕಾರ್ಡರು ನಮ್ಮ ಕಡೆಯ ಅಂಗಡಿ ಅಂಗಡಿಯಲ್ಲಿಯೂ ಕಾಣಬರುತ್ತಿತ್ತು. 1989ರ ಚಳಿಗಾಲದಲ್ಲಿ ಗೆಳೆಯನೊಬ್ಬನಿಂದ ಅಂಥದೊಂದನ್ನು ಎರವಲು ತಂದು, ನಮ್ಮ ಆಯಿ ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ ಕುಳಿತು ಹಾಡುತ್ತಿದ್ದ ಪದಗಳನ್ನು ಹಿಡಿಯಲು ಕುಳಿತೆ. ಆಗಲೇ ಊರಿಗೆ ಹಿಟ್ಟಿನ ಗಿರಣಿ ಬಂದಿತ್ತು. ಕೇವಲ ನನ್ನ ಸಲುವಾಗಿ ಆಕೆ ಮೂಲೆಯ ಕಲ್ಲನ್ನು ತೊಳೆದು ಹೂಡಿದಳು. ಮುಕ್ಕಾಲು ಗಂಟೆ ಹಾಡಿದಳು. ಸಂಜೆ ಕೇಳಿಸಿದೆ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕು, “ಏ ತಮ್ಮಾ, ನಾ ಸತ್ತ ಮ್ಯಾಲೂ ಇದು ಹಿಂಗ ಹಾಡತದೇನೋ?” ಎಂದು ಕೇಳಿದಳು. ಹಾಡುತ್ತದೆ ಎಂದು ಮಾತು ಕೊಟ್ಟೆ.

ಮಾತು ಉಳಿಯಲಿಲ್ಲ. ಆಯಿ ತೀರಿಕೊಂಡ ಮೇಲೆ ಹೊಸ ಸೆಲ್ಲು ಹಾಕಿ ಅದೇ ಕ್ಯಾಸೆಟ್ಟನ್ನು ತಿರುಗಿಸಿದರೆ, ಕೇಳಿಬಂದದ್ದು ಆಕೆಯ ದನಿಯಲ್ಲ. ಅವಸರದಲ್ಲಿ ಕಂಠಪಾಠ ಒಪ್ಪಿಸುವ ಆರು ವರ್ಷದ ಕೂಸಿನ ದನಿ! ಆದದ್ದಿಷ್ಟೆ: ಮುದ್ರಿಸುವ ಹೊತ್ತಿಗೆ ನನ್ನ ಸೆಲ್ಲುಗಳು ಸೊರಗಿದ್ದವು, ಟೇಪು ನಿಧಾನವಾಗಿ ಓಡಿತ್ತು. ಅಂದು ಸಂಜೆ ಅವೇ ಸೊರಗಿದ ಸೆಲ್ಲಿನ ಮೇಲೆ ಕೇಳಿದ್ದರಿಂದ ಸರಿಯೆಂದೇ ತೋರಿತ್ತು. ತುಂಬಿದ ಸೆಲ್ಲಿನ ಮೇಲೆ ಟೇಪು ತನ್ನ ಸಹಜ ವೇಗದಲ್ಲಿ ಓಡಿತು, ದನಿ ಮೇಲೇರಿತು. ಅದೂ ಸಾಲದೆಂಬಂತೆ ನಾನು ಇಟ್ಟದ್ದು ಒಂದೇ ಮೈಕು, ಅದೂ ಯಂತ್ರದೊಳಗಿನದು. ಆದ್ದರಿಂದ ಕಲ್ಲಿನ ಗರಗರ ಆಯಿಯ ಪದಗಳ ಮೇಲೆ ಕುಳಿತುಬಿಟ್ಟಿತ್ತು.

ಮೂವತ್ತೈದು ವರ್ಷಗಳ ಮೇಲೆ, ಕೆಲವು ತರುಣರು ಒಂದು ಸಾಕ್ಷ್ಯಚಿತ್ರದ ಸಲುವಾಗಿ ಹಲಸಿಗೆ ಬಂದರು. ಭೂವರಾಹ ನರಸಿಂಹ ದೇವಾಲಯದಲ್ಲಿ ನಮ್ಮೂರ ಭಜನೆಯನ್ನು ಮುದ್ರಿಸುವುದಿತ್ತು. ವಾಚಕರಲ್ಲಿ ಈ ಗುಡಿಯನ್ನು ಕಂಡವರಿದ್ದಾರು: ಎರಡು ಗರ್ಭಗುಡಿಗಳು ಎದುರುಬದುರಾಗಿವೆ, ನಡುವೆ ಕಲ್ಲಿನ ಮಂಟಪ. ಅಲ್ಲಿ ತಾಳ ತಟ್ಟಿದರೆ ಕಲ್ಲೂ ತಾಳ ತಟ್ಟುತ್ತದೆ. ಅವರಲ್ಲಿ ಧ್ವನಿಯ ಹೊಣೆ ಹೊತ್ತ ಹುಡುಗನ (ಊರವರು ಅವನನ್ನು ‘ಸೌಂಡಿನವ’ ಎಂದೇ ಕರೆದರು) ಎದೆಯ ಮೇಲೆ ಜೋಳಿಗೆಯಂತೆ ಒಂದು ಪೆಟ್ಟಿಗೆ ತೂಗುತ್ತಿತ್ತು. ಪಂಚಾಂಗಕ್ಕಿಂತ ತುಸು ದಪ್ಪನೆಯ ಆ ಪೆಟ್ಟಿಗೆಗೆ ಎಂಟು ಮೈಕುಗಳು.

ಬಹುಪಥ ಮುದ್ರಣವೆಂದರೇನು ಎಂಬುದು ನನಗೆ ತಿಳಿದದ್ದು ಅಂದು. ಮೊದಲ ಹಾಡುಗಾರನಿಗೆ ಒಂದು ಟ್ರ್ಯಾಕು, ಪೇಟಿಗೆ ಒಂದು, ಪಖವಾಜಿಗೆ ಒಂದು, ತಾಳಕ್ಕೆ ಒಂದು, ಮೇಳಕ್ಕೆ ಎರಡು. ಉಳಿದ ಎರಡು ಮೈಕುಗಳನ್ನು ದೂರದಲ್ಲಿ ಎತ್ತರಿಸಿ ನಿಲ್ಲಿಸಿ, ಇಡೀ ಮಂಟಪವು ಹೇಗೆ ಮೊಳಗುವುದೋ ಹಾಗೆ ಹಿಡಿಯುವುದು. ಒಂದೇ ಹೊತ್ತಿನಲ್ಲಿ ಎಂಟೂ ಬೇರೆಬೇರೆಯಾಗಿ ದಾಖಲಾಗುತ್ತವೆ, ಎಂಟು ಹಾಳೆಗಳ ಮೇಲೆ ಎಂಟು ಲಿಪಿಕಾರರು ಬರೆದಂತೆ. ತಾಳ ಜೋರಾಯಿತೆಂದು ಆಮೇಲೆ ತೋರಿದರೆ ಅದೊಂದನ್ನೇ ತಗ್ಗಿಸಬಹುದು. ಕಲ್ಲಿನ ಗರಗರ ಹಾಡನ್ನು ನುಂಗುವ ಭಯ ಕಡಿಮೆ. ಎಂಟು ಪಥಗಳ ಯಂತ್ರವು 1957ರಲ್ಲಿಯೇ ಅಮೇರಿಕೆಯ ಲೆಸ್ ಪಾಲ್ ಎಂಬ ವಾದಕನ ಮನೆ ಸೇರಿತ್ತು. ಆದರೆ ಅದು ಬೀರುವಿನಷ್ಟು ದೊಡ್ಡದು, ಸ್ಟುಡಿಯೋ ಬಿಟ್ಟು ಅಲುಗುವಂಥದಲ್ಲ. ಟೇಪು ಹೋಗಿ, ದನಿಯನ್ನು ಅಂಕಿಗಳಾಗಿ ಬರೆಯುವ ಪದ್ಧತಿ ಬಂದ ಮೇಲೆಯೇ ಅದು ಹೆಗಲಿಗೇರಲು ಸಾಧ್ಯವಾದದ್ದು. ಒಂದು ಸೆಕೆಂಡನ್ನು 48,000 ಬಾರಿ ಅಳೆದು, ಪ್ರತಿ ಅಳತೆಯನ್ನೂ 24 ಬಿಟ್ಟುಗಳಲ್ಲಿ ಬರೆಯುತ್ತಾರಂತೆ. ಲೆಕ್ಕ ಹಾಕಿ ನೋಡಿದೆ: ಎಂಟು ಟ್ರ್ಯಾಕುಗಳಿಗೆ ತಾಸಿಗೆ ನಾಲ್ಕು ಗಿಗಾಬೈಟಿಗೂ ತುಸು ಹೆಚ್ಚು. ಅದೆಲ್ಲ ಅಡಗುವುದು ಅಂಚೆಚೀಟಿಯಷ್ಟು ಅಗಲದ ಒಂದು ಚಿಪ್ಪಿನಲ್ಲಿ! ಅಂಥವು ಎರಡಿದ್ದವು, ಒಂದು ಕೆಟ್ಟರೆ ಇನ್ನೊಂದಿರಲೆಂದು.

ಯಂತ್ರಕ್ಕಿಂತಲೂ ನನ್ನ ಮನಸ್ಸನ್ನು ಹಿಡಿದದ್ದು ಹುಡುಗನ ಶಿಸ್ತು. ಬಂದವನು ಮೊದಲು ಸೆಲ್ಲು ಬದಲಿಸಿದ. (ನನ್ನ ಕರುಳು ಚುರ್ ಎಂದಿತು.) ಕಿವಿಗೆ ಹೆಡ್‌ಫೋನು ಏರಿಸಿ, ಹಾಡುಗಾರರಿಂದ ಅತಿ ಏರುದನಿಯ ಅಭಂಗವನ್ನೇ ಮೊದಲು ಹಾಡಿಸಿ, ಅದಕ್ಕೂ ಮೇಲೆ ಸಾಕಷ್ಟು ಎಡೆ ಉಳಿಯುವಂತೆ ಮಟ್ಟ ಕಟ್ಟಿಕೊಂಡ, ದನಿ ಒಮ್ಮೆ ಮೇರೆ ಮೀರಿ ಒಡೆದರೆ ಮತ್ತೆ ಕೂಡಿಸಲು ಬರುವುದಿಲ್ಲವಂತೆ. ಹೊರಗಿನ ಮೈಕಿಗೆ ಗಾಳಿ ತಾಗದಂತೆ ಬೆಕ್ಕಿನ ಮರಿಯಂಥ ತುಪ್ಪಳದ ಚೀಲ ತೊಡಿಸಿದ. ಪ್ರತಿಸಲವೂ ಊರು, ದಿನಾಂಕ, ಹಾಡಿನ ಹೆಸರುಗಳನ್ನು ಬಾಯಿಂದ ಹೇಳಿದ. ಇದು ಶಾಸನಕಾರನ ಪದ್ಧತಿಯೇ ಅಲ್ಲವೇ! ಕೊನೆಗೆ ಎಲ್ಲರನ್ನೂ ಒಂದು ನಿಮಿಷ ಸುಮ್ಮನಿರಿಸಿ ಮಂಟಪದ ಮೌನವನ್ನೂ ಮುದ್ರಿಸಿಕೊಂಡ. ಒಂದೊಂದು ಎಡೆಯ ಮೌನವೂ ಬೇರೆಯಂತೆ. ಮುಂದೆ ತುಂಡುಗಳನ್ನು ಜೋಡಿಸುವಾಗ ಅದು ಬೇಕಾಗುವುದಂತೆ.

ನನಗೊಂದು ಆಕ್ಷೇಪಣೆ ಇದ್ದೇ ಇದೆ. ಎಂಟನ್ನು ಬಿಡಿಬಿಡಿಯಾಗಿ ಹಿಡಿದವನು ಆಮೇಲೆ ತನಗೆ ಬೇಕಾದಂತೆ ಕೂಡಿಸಬಲ್ಲ. ಬೇಸೂರ ಹಾಡಿದ ಮುದುಕನನ್ನು ಮೇಳದಿಂದ ಮಾಯಮಾಡಿಯೂ ಬಿಡಬಲ್ಲ. ಆದ್ದರಿಂದ ಆ ದೂರದ ಜೋಡಿ ಮೈಕುಗಳ ಮುದ್ರಣವನ್ನು ತಿದ್ದದೆ ಹಾಗೆಯೇ ಕಾದಿಡಬೇಕೆಂದು ವಾದಿಸಿದೆ. ಹುಡುಗ ಒಪ್ಪಿಕೊಂಡ. ಆಗಲೇ ಧೈರ್ಯ ಬಂದು, ಮನೆಗೆ ಹೋಗಿ ಆಯಿಯ ಕ್ಯಾಸೆಟ್ಟನ್ನು ತಂದೆ.

ಅವನು ಅದನ್ನು ಎರಡು ದಿನ ಕೇಳಿದ. ಮೂರನೆಯ ದಿನ ನನ್ನನ್ನು ಕರೆದು, “ಸರ್, ಹಾಡಿನ ಹಿಂದ ಒಂದು ಗಂಟೆ ಬಾರಿಸತೈತಿ, ಯಾವುದರಿ ಅದು?” ಎಂದ. ಅಷ್ಟು ವರ್ಷ ಕೇಳಿದರೂ ನಾನು ಲಕ್ಷ್ಯ ಕೊಟ್ಟಿರಲಿಲ್ಲ. ನಮ್ಮ ಮನೆಯಿಂದ ಗುಡಿ ಹೆಚ್ಚು ದೂರವಿಲ್ಲ. ಅದು ಬೆಳಗಿನ ಪೂಜೆಯ ಗಂಟೆ. “ಆ ಗಂಟಿ ಈಗೂ ಅದೇ ಐತೇನ್ರಿ?” ಅದೇ ಇದೆ. ಮನುಷ್ಯರ ದನಿ ಬದಲಾದೀತು, ಗಂಟೆಯದು ಬದಲಾಗದು. ಮರುದಿನ ನಸುಕಿನಲ್ಲಿ ಗಂಟೆಯೊಂದನ್ನೇ ಮುದ್ರಿಸಿ, ಎರಡರ ಸ್ವರಗಳನ್ನು ಅಳೆದು ಹೋಲಿಸಿದ. ಗಂಟೆ ಇಂದು ಸೆಕೆಂಡಿಗೆ 450 ಬಾರಿ ಮಿಡಿಯುತ್ತಿದ್ದು ಟೇಪಿನಲ್ಲಿ 500 ಬಾರಿ ಮಿಡಿದರೆ, ಟೇಪನ್ನು ಹತ್ತರಲ್ಲಿ ಒಂಬತ್ತು ಪಾಲು ವೇಗಕ್ಕೆ ಇಳಿಸಬೇಕು. ಲೆಕ್ಕ ಇಷ್ಟೇ ಸರಳ. ಕಂಪ್ಯೂಟರು ಹಾಗೆ ಇಳಿಸಿತು.

ಮೊದಲ ಹಾಡಿನಲ್ಲಿ ನಮ್ಮ ಆಯಿ ಬಂದಳು. ಕಲ್ಲಿನ ಗರಗರ ಹಾಗೆಯೇ ಇದೆ. ಒಂದೇ ಮೈಕಿನಲ್ಲಿ ಕಲೆತದ್ದನ್ನು ಪೂರ್ತಿ ಬೇರ್ಪಡಿಸುವುದು ಅವನಿಂದಲೂ ಆಗಲಿಲ್ಲ. ಅದರ ಮೇಲೆ ಆಕೆಯ ಆ ಒರಟು, ತುಸು ಮೂಗಿನಿಂದ ಬರುವ ದನಿ. ಪೂಜೆ ಮುಗಿದ ಮೇಲೆ ಹಾಡಿದ ಕೊನೆಯ ಮೂರು ಪದಗಳಲ್ಲಿ ಗಂಟೆಯಿಲ್ಲ. ಅಷ್ಟರಲ್ಲಿ ಸೆಲ್ಲುಗಳು ಇನ್ನಷ್ಟು ಸೊರಗಿರಬೇಕು. ಅಂದಾಜಿನಿಂದ ತಿದ್ದಲೇ ಎಂದು ಹುಡುಗ ಕೇಳಿದ. ಬೇಡವೆಂದೆ. ಆ ಮೂರರಲ್ಲಿ ಆಕೆ ಈಗಲೂ ಕೂಸಿನ ದನಿಯಲ್ಲಿಯೇ ಹಾಡುತ್ತಾಳೆ.