ಗ್ರಾಮೀಣ ಗಸ್ತು ವ್ಯವಸ್ಥೆ (ಕರ್ನಾಟಕ)

ಗ್ರಾಮೀಣ ಗಸ್ತು ವ್ಯವಸ್ಥೆ ಎಂಬುದು ಹಳ್ಳಿಗಳಲ್ಲಿ ಅಪರಾಧಗಳನ್ನು ತಡೆಯಲು ಹಾಗೂ ಠಾಣೆಯಿಂದ ದೂರವಿರುವ ಜನವಸತಿಗಳಿಗೆ ರಕ್ಷಣೆ ಒದಗಿಸಲು ಕರ್ನಾಟಕ ಪೊಲೀಸ್ ಇಲಾಖೆಯು ರೂಪಿಸಿಕೊಂಡಿರುವ ಏರ್ಪಾಡು. ಪ್ರತಿ ಠಾಣೆಯ ಸರಹದ್ದನ್ನು 'ಬೀಟ್' ಎಂಬ ಸಣ್ಣ ಭಾಗಗಳಾಗಿ ವಿಂಗಡಿಸಿ, ಒಂದೊಂದು ಭಾಗದ ಹೊಣೆಯನ್ನು ಒಬ್ಬೊಬ್ಬ ಪೇದೆ ಅಥವಾ ಮುಖ್ಯಪೇದೆಗೆ ವಹಿಸುವುದು ಇದರ ತಿರುಳು. ಗ್ರಾಮ ರಕ್ಷಣಾ ದಳ, 112 ತುರ್ತು ಸ್ಪಂದನ ವಾಹನ, ಜಿಲ್ಲಾ ಸೈಬರ್ ಅಪರಾಧ ಠಾಣೆ ಮೊದಲಾದವು ಇದಕ್ಕೆ ಪೂರಕವಾಗಿವೆ. ಗದಗ ಜಿಲ್ಲೆಯ ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲ್ಲೂಕುಗಳ ಬಯಲುನಾಡು ಈ ವ್ಯವಸ್ಥೆಯ ಸಾಧ್ಯತೆ ಹಾಗೂ ಮಿತಿ ಎರಡನ್ನೂ ಕಾಣಬಹುದಾದ ಪ್ರದೇಶವಾಗಿದೆ.

ಹಿನ್ನೆಲೆ

ಹಳ್ಳಿಯ ಕಾವಲು ಮೊದಲಿಗೆ ಹಳ್ಳಿಯದೇ ಕೆಲಸವಾಗಿತ್ತು. ಇಂದಿನ ಗದಗ ಜಿಲ್ಲೆಯ ಬಹುಭಾಗ ಬ್ರಿಟಿಷರ ಕಾಲದಲ್ಲಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಅಲ್ಲಿ 1867ರ ಮುಂಬಯಿ ಗ್ರಾಮ ಪೊಲೀಸ್ ಕಾಯ್ದೆಯಂತೆ ಊರಿನ ಪೊಲೀಸ್ ಪಾಟೀಲನು, ಅಂದರೆ ಜನರ ಮಾತಿನ ಗೌಡನು, ಶಾಂತಿಪಾಲನೆಗೆ ಹೊಣೆಯಾಗಿದ್ದನು. ಕಳವು ನಡೆದರೆ ಮೇಲಧಿಕಾರಿಗೆ ವರದಿ ಮಾಡುವುದು, ಅಪರಿಚಿತರ ಮೇಲೆ ಕಣ್ಣಿಡುವುದು, ಶಂಕಿತರನ್ನು ಹಿಡಿದೊಪ್ಪಿಸುವುದು ಅವನ ಕರ್ತವ್ಯಗಳು. ರಾತ್ರಿಯ ಕಾವಲು ಮತ್ತು ಕರೆಯೋಲೆಯ ಕೆಲಸವನ್ನು ತಳವಾರರು, ವಾಲೀಕಾರರು ಮಾಡುತ್ತಿದ್ದರು. 'ತಳಾರ', 'ತಳವಾರ' ಎಂಬ ಪದಗಳು ಇದಕ್ಕಿಂತ ಬಹಳ ಹಳೆಯವು. ಶಾಸನಗಳಲ್ಲಿ ಕಾಣಸಿಗುತ್ತವೆ, 12ನೆಯ ಶತಮಾನದ ವಚನಕಾರರಲ್ಲಿ ತಳವಾರ ಕಾಮಿದೇವಯ್ಯನ ಹೆಸರೂ ಇದೆ. ಇಂದು ಈ ಭಾಗದಲ್ಲಿ ತಳವಾರ, ವಾಲೀಕಾರ ಎಂಬವು ಮನೆತನದ ಅಡ್ಡಹೆಸರುಗಳಾಗಿ ಉಳಿದಿವೆ.

1956ರ ನವೆಂಬರ್ 1ರಂದು ಈ ಪ್ರದೇಶ ಮೈಸೂರು ರಾಜ್ಯಕ್ಕೆ ಸೇರಿತು. ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು ಕೊನೆಗಾಣಿಸಿದ 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂದಿತು. ಒಂದೇ ಮನೆತನದ ಕೈಯಲ್ಲಿ ಊರಿನ ಅಧಿಕಾರ ಉಳಿಯುವುದನ್ನು ತಪ್ಪಿಸಿದ ಈ ಸುಧಾರಣೆ ನ್ಯಾಯವಾದುದೇ. ಆದರೆ ಅದರೊಡನೆ ಊರಿನಲ್ಲೇ ಇದ್ದ ಕಾವಲಿನ ಕೊಂಡಿಯೂ ಕಳಚಿತು. ನೆರೆಯ ಮಹಾರಾಷ್ಟ್ರವು ಬೇರೆ ದಾರಿ ಹಿಡಿಯಿತು. ಅಲ್ಲಿ 1967ರ ಗ್ರಾಮ ಪೊಲೀಸ್ ಕಾಯ್ದೆಯ ಮೂಲಕ ವಂಶಪಾರಂಪರ್ಯವನ್ನು ಕೈಬಿಟ್ಟು, ಪೊಲೀಸ್ ಪಾಟೀಲನ ಹುದ್ದೆಯನ್ನು ನೇಮಕಾತಿಯ ಹುದ್ದೆಯಾಗಿ ಉಳಿಸಿಕೊಳ್ಳಲಾಯಿತು.

ಗ್ರಾಮ ರಕ್ಷಣಾ ದಳ

ತೆರವಾದ ಈ ಜಾಗವನ್ನು ತುಂಬುವ ಮೊದಲ ಪ್ರಯತ್ನವಾಗಿ 1964ರಲ್ಲಿ ಗ್ರಾಮ ರಕ್ಷಣಾ ದಳ ಕಾಯ್ದೆಯನ್ನು ರೂಪಿಸಲಾಯಿತು. ಊರಿನ ಸ್ವಯಂಸೇವಕರನ್ನು ಒಳಗೊಂಡ ದಳ, ಅದಕ್ಕೊಬ್ಬ 'ದಳಪತಿ', ಅವರ ಮೇಲೆ ಪೊಲೀಸ್ ಅಧಿಕಾರಿಗಳ ಮೇಲ್ವಿಚಾರಣೆ ಇದರ ವಿನ್ಯಾಸ. ದಳಗಳು ಎಲ್ಲೆಡೆ ಒಂದೇ ರೀತಿ ಚುರುಕಾಗಿ ಉಳಿಯಲಿಲ್ಲ. ಕಳ್ಳರ ಹಾವಳಿ ಹೆಚ್ಚಿದಾಗ ಹಳ್ಳಿಗರು ಕೋಲು, ಟಾರ್ಚು ಹಿಡಿದು ಸರದಿಯಂತೆ ರಾತ್ರಿ ಕಾಯುವ ರೂಢಿ ಕಾಯ್ದೆಯ ಹಂಗಿಲ್ಲದೆಯೂ ನಡೆದುಬಂದಿದೆ. ಇಂತಹ ಕಾವಲು ಅಪರಿಚಿತರ ಮೇಲೆ ಗುಂಪು ಹಲ್ಲೆಗೆ ತಿರುಗುವ ಅಪಾಯವಿರುವುದರಿಂದ, ಕಾವಲುಗಾರರ ಹೆಸರುಗಳು ಠಾಣೆಯಲ್ಲಿ ನೋಂದಣಿಯಾಗಿರುವುದು ಮುಖ್ಯವಾಗುತ್ತದೆ.

ಬಯಲುನಾಡಿನ ಅಪರಾಧಗಳ ಸ್ವರೂಪ

ರೋಣ ತಾಲ್ಲೂಕಿನ ಬೆಳವಣಕಿಯಂತಹ ಗ್ರಾಮಗಳು ಎರೆಭೂಮಿಯ ಊರುಗಳು. ಮಲೆನಾಡಿನಲ್ಲಿ ತೋಟದ ನಡುವೆಯೇ ಮನೆಯಿರುತ್ತದೆ. ಇಲ್ಲಿ ಮನೆಗಳೆಲ್ಲ ಒಂದೆಡೆ ಗುಂಪಾಗಿದ್ದು ಹೊಲಗಳು ದೂರದಲ್ಲಿ ಹರಡಿಕೊಂಡಿರುತ್ತವೆ. ಕತ್ತಲಾದ ಮೇಲೆ ಹೊಲದಲ್ಲಿ ಯಾರೂ ಇರುವುದಿಲ್ಲ. ಕೊಳವೆಬಾವಿಯ ಪಂಪ್‌ಸೆಟ್ಟು ಮತ್ತು ಕೇಬಲ್, ಟಿ.ಸಿ.ಯೊಳಗಿನ ತಾಮ್ರ ಮತ್ತು ಎಣ್ಣೆ, ಗಾಳಿಯಂತ್ರಗಳ ತಂತಿ, ಕಣದಲ್ಲಿ ರಾಶಿ ಮಾಡಿಟ್ಟ ಕಡಲೆ, ಹೆಸರು, ಒಣಗಲು ಹರವಿದ ಮೆಣಸಿನಕಾಯಿ ಇವೆಲ್ಲ ಕಾವಲಿಲ್ಲದ ಸೊತ್ತುಗಳೇ. ನಗರದ ಅಂಕಿಅಂಶದಲ್ಲಿ ಇದು ಸಣ್ಣ ಕಳವು. ಒಂದು ಜೊತೆ ಎತ್ತನ್ನು ಕಳೆದುಕೊಂಡ ಒಕ್ಕಲಿಗನಿಗೆ ಹಂಗಾಮೇ ಹೋದಂತೆ. ಗೋವಾ, ಮಂಗಳೂರು ಮುಂತಾದೆಡೆ ಕುಟುಂಬಸಮೇತ ದುಡಿಯಲು ಹೋಗುವವರ ಬೀಗ ಹಾಕಿದ ಮನೆಗಳು ಮತ್ತೊಂದು ಗುರಿ.

ಕಳವಿಗಿಂತ ಹೆಚ್ಚಾಗಿ ಊರಿನ ನೆಮ್ಮದಿ ಕೆಡಿಸುವ ಅಪರಾಧಗಳು ಬೇರೆ ಇವೆ. ಓ.ಸಿ. ಮಟ್ಕಾ ಮತ್ತು ಬೀದಿಬದಿಯ ಇಸ್ಪೀಟು ಜೂಜಿನ ಮೇಲೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 78 ಮತ್ತು 87ನೆಯ ಕಲಮುಗಳಡಿ, ಕಿರಾಣಿ ಅಂಗಡಿಗಳಲ್ಲಿ ನಡೆಯುವ ಪರವಾನಗಿಯಿಲ್ಲದ ಮದ್ಯ ಮಾರಾಟದ ಮೇಲೆ 1965ರ ಅಬಕಾರಿ ಕಾಯ್ದೆಯಡಿ ಪ್ರಕರಣ ದಾಖಲಾಗುತ್ತದೆ. ಇವುಗಳ ಮಾಹಿತಿ ಊರಿನ ಎಲ್ಲರಿಗೂ ಇರುತ್ತದೆ, ದೂರು ಕೊಡುವವರು ಮಾತ್ರ ವಿರಳ. ಒಂದೇ ಓಣಿಯಲ್ಲಿ ಬದುಕಬೇಕಾದವರು ಸಾಕ್ಷಿಯಾಗಲು ಹಿಂಜರಿಯುತ್ತಾರೆ.

ಸುಧಾರಿತ ಬೀಟ್ ವ್ಯವಸ್ಥೆ

ಹಳೆಯ ಪದ್ಧತಿಯಲ್ಲಿ ಗಸ್ತಿನ ಪೇದೆಗಳು ಬದಲಾಗುತ್ತಲೇ ಇರುತ್ತಿದ್ದರು. ನಿಗದಿತ ಸ್ಥಳಗಳಲ್ಲಿಟ್ಟ ಪುಸ್ತಕಕ್ಕೆ ಸಹಿ ಹಾಕಿ ಬಂದರೆ ಕೆಲಸ ಮುಗಿಯುತ್ತಿತ್ತು. 2017ರಲ್ಲಿ ರೂಪಕ್ ಕುಮಾರ್ ದತ್ತಾ ಅವರು ರಾಜ್ಯದ ಪೊಲೀಸ್ ಮಹಾನಿರ್ದೇಶಕರಾಗಿದ್ದಾಗ ಸುಧಾರಿತ ಬೀಟ್ ವ್ಯವಸ್ಥೆ ಜಾರಿಗೆ ಬಂದಿತು. ಇದರಂತೆ ಒಂದು ಬೀಟಿಗೆ ಒಬ್ಬನೇ ಸಿಬ್ಬಂದಿ ದೀರ್ಘಕಾಲದ ಹೊಣೆಗಾರನಾಗಿರುತ್ತಾನೆ. ಊರಿನ ಶಾಲೆ, ಗುಡಿ, ಮಸೀದಿ, ಬ್ಯಾಂಕು, ಬೀಗ ಹಾಕಿದ ಮನೆಗಳು, ಹಳೆಯ ಅಪರಾಧಿಗಳು, ವ್ಯಾಜ್ಯವಿರುವ ಜಮೀನುಗಳು, ಒಂಟಿಯಾಗಿ ವಾಸಿಸುವ ವೃದ್ಧರು ಇವೆಲ್ಲದರ ತಿಳಿವಳಿಕೆ ಅವನಿಗಿರಬೇಕು. ಪ್ರತಿ ಬೀಟಿಗೂ ನಾಗರಿಕ ಸದಸ್ಯರನ್ನು ಗುರುತಿಸಿ, ಸಭೆ ನಡೆಸಿ, ವಾಟ್ಸ್ಆ್ಯಪ್ ಗುಂಪುಗಳ ಮೂಲಕ ಸಂಪರ್ಕ ಇಟ್ಟುಕೊಳ್ಳಲಾಗುತ್ತದೆ. ಗಣೇಶೋತ್ಸವ, ಮೊಹರಂ ಮುಂತಾದ ಸಂದರ್ಭಗಳ ಶಾಂತಿ ಸಭೆಗಳಲ್ಲೂ ಬೀಟಿನ ಸಿಬ್ಬಂದಿಯೇ ಠಾಣೆಯ ಮುಖವಾಗಿರುತ್ತಾನೆ.

2025ರ ಜುಲೈ 18ರಂದು ಗೃಹಸಚಿವ ಜಿ. ಪರಮೇಶ್ವರ ಅವರು ಚಾಲನೆ ನೀಡಿದ 'ಮನೆ ಮನೆಗೆ ಪೊಲೀಸ್' ಕಾರ್ಯಕ್ರಮ ಇದೇ ಆಲೋಚನೆಯ ಮುಂದುವರಿಕೆ. 40ರಿಂದ 50 ಮನೆಗಳ ಗುಂಪುಗಳನ್ನು ಮಾಡಿ ಪೊಲೀಸರೇ ಮನೆಬಾಗಿಲಿಗೆ ಹೋಗಿ ಅಹವಾಲು ಕೇಳುವುದು ಇದರ ಕ್ರಮ. ಠಾಣೆಯ ಮೆಟ್ಟಿಲು ಹತ್ತಲು ಅಂಜುವವರು, ಅದರಲ್ಲೂ ಮಹಿಳೆಯರು ಮತ್ತು ವೃದ್ಧರು, ಮಾತನಾಡಲು ಇದರಿಂದ ಅವಕಾಶವಾಗುತ್ತದೆ ಎಂಬುದು ಯೋಜನೆಯ ನಿರೀಕ್ಷೆ. ಮನೆಯ ಮುಂದೆ ಪೊಲೀಸರು ನಿಂತರೆ ನೆರೆಯವರು ಏನೆಂದುಕೊಂಡಾರು ಎಂಬ ಅಂಜಿಕೆಯೂ ಹಳ್ಳಿಯಲ್ಲಿ ಇಲ್ಲದಿಲ್ಲ.

ತುರ್ತು ಕರೆಗಳಿಗೆ 112 ಸಂಖ್ಯೆಯಿದ್ದು, ಕರೆ ಬಂದ ಸ್ಥಳಕ್ಕೆ ಹತ್ತಿರದ ಗಸ್ತು ವಾಹನವನ್ನು ಕಳುಹಿಸಲಾಗುತ್ತದೆ. ಮೊಬೈಲ್ ಮೂಲಕ ಹಣ ಕಳೆದುಕೊಂಡವರಿಗೆ 1930 ಸಹಾಯವಾಣಿಯಿದೆ. ಹಣ ಬೇರೆ ಬೇರೆ ಖಾತೆಗಳಿಗೆ ಚದುರುವ ಮುನ್ನ ಕರೆ ಮಾಡಿದರೆ ಅದನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಇಂತಹ ಪ್ರಕರಣಗಳ ತನಿಖೆಗೆ ಜಿಲ್ಲಾ ಮಟ್ಟದಲ್ಲಿ ಸಿ.ಇ.ಎನ್. ಠಾಣೆಗಳಿವೆ.

ದುರ್ಬಲರ ರಕ್ಷಣೆ

ಗಸ್ತು ವ್ಯವಸ್ಥೆಯ ನಿಜವಾದ ಪರೀಕ್ಷೆ ಇರುವುದು ಹೊರಗಿನ ಕಳ್ಳನ ವಿಷಯದಲ್ಲಿ ಅಲ್ಲ, ಊರಿನೊಳಗಿನ ಬಲಾಢ್ಯನ ವಿಷಯದಲ್ಲಿ. ಬೀಟಿನ ಪೇದೆಗೆ ಮಾಹಿತಿ ಕೊಡುವವರು ಸಾಮಾನ್ಯವಾಗಿ ಊರಿನ ಮುಖಂಡರು. ದೂರು ಅವರ ಮೇಲೆಯೇ ಇದ್ದರೆ ಆ ಮಾಹಿತಿಯ ದಾರಿ ಮುಚ್ಚಿಹೋಗುತ್ತದೆ. ಗದಗದ ನೆರೆಯ ಕೊಪ್ಪಳ ಜಿಲ್ಲೆಯ ಮರಕುಂಬಿ ಗ್ರಾಮದಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಕೇರಿಯ ಮೇಲೆ ದಾಳಿ ನಡೆದು ಗುಡಿಸಲುಗಳು ಸುಟ್ಟವು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು; ಪ್ರಕರಣ ಬಳಿಕ ಉಚ್ಚ ನ್ಯಾಯಾಲಯಕ್ಕೆ ಹೋಯಿತು. ಮೊದಲ ತೀರ್ಪಿಗೇ ಹತ್ತು ವರ್ಷ ಹಿಡಿಯಿತು, ಅಷ್ಟು ಕಾಲವೂ ಎರಡೂ ಕಡೆಯವರು ಒಂದೇ ಊರಿನವರಾಗಿದ್ದರು. ದೌರ್ಜನ್ಯ ಪ್ರಕರಣಗಳಿಗಾಗಿ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯದಡಿ ಪ್ರತ್ಯೇಕ ಠಾಣೆಗಳನ್ನು 2025ರಲ್ಲಿ ತೆರೆಯಲಾಯಿತು.

ಬಾಲ್ಯವಿವಾಹವೂ ಇಂತಹದೇ ಮೌನದಲ್ಲಿ ನಡೆಯುವ ಅಪರಾಧ. ರಾಜ್ಯದ ತಿದ್ದುಪಡಿಯಂತೆ ಕರ್ನಾಟಕದಲ್ಲಿ ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದವರ ಹೆಸರನ್ನು ಗುಟ್ಟಾಗಿಡಲಾಗುತ್ತದೆ. ಸಾಲ ವಸೂಲಿಯ ಹೆಸರಿನಲ್ಲಿ ನಡೆಯುವ ಕಿರುಕುಳದ ವಿರುದ್ಧ 2025ರ ಫೆಬ್ರವರಿಯಲ್ಲಿ ಕಿರುಸಾಲ ಮತ್ತು ಸಣ್ಣಸಾಲ (ಬಲವಂತದ ಕ್ರಮಗಳ ಪ್ರತಿಬಂಧಕ) ಅಧ್ಯಾದೇಶ ಹೊರಡಿತು. ಅದರಲ್ಲಿ 10 ವರ್ಷಗಳವರೆಗಿನ ಸೆರೆವಾಸ ಮತ್ತು 5 ಲಕ್ಷ ರೂಪಾಯಿವರೆಗಿನ ದಂಡಕ್ಕೆ ಅವಕಾಶ ಕಲ್ಪಿಸಲಾಯಿತು. ದೂರು ದಾಖಲಿಸಲು ಪೊಲೀಸರು ನಿರಾಕರಿಸುವಂತಿಲ್ಲ ಎಂಬ ಮಾತನ್ನು ಕಾನೂನಿನಲ್ಲೇ ಬರೆಯಬೇಕಾಗಿ ಬಂದುದು ಗಮನಾರ್ಹ.

ಜನ ಮತ್ತು ಪೊಲೀಸರ ನಡುವಿನ ನಂಬಿಕೆ

ಈ ಪ್ರದೇಶದಲ್ಲಿ ನಂಬಿಕೆಯ ಪ್ರಶ್ನೆಗೆ ಇತಿಹಾಸದ ಭಾರವಿದೆ. 1980ರ ಜುಲೈ 21ರಂದು ಮಲಪ್ರಭಾ ಯೋಜನೆಯ ಅಭಿವೃದ್ಧಿ ಕರ ಮತ್ತು ನೀರಿನ ಕರದ ವಿರುದ್ಧ ನರಗುಂದ ಹಾಗೂ ನವಲಗುಂದಗಳಲ್ಲಿ ನಡೆದ ರೈತ ಬಂಡಾಯದಲ್ಲಿ ಪೊಲೀಸರ ಗುಂಡಿಗೆ ರೈತರು ಬಲಿಯಾದರು. ನರಗುಂದದಲ್ಲಿ ಜನರ ಆಕ್ರೋಶಕ್ಕೆ ಸಿಕ್ಕಿ ಪೊಲೀಸರೂ ಪ್ರಾಣ ಕಳೆದುಕೊಂಡರು. ಆ ದಿನವನ್ನು ರೈತರು ಇಂದಿಗೂ ಹುತಾತ್ಮರ ದಿನವಾಗಿ ಆಚರಿಸುತ್ತಾರೆ. 2016ರ ಜುಲೈನಲ್ಲಿ ಮಹಾದಾಯಿ ಹೋರಾಟದ ವೇಳೆ ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ ನಡೆದ ಲಾಠಿ ಪ್ರಹಾರ ಹಳೆಯ ನೋವನ್ನು ಮತ್ತೆ ಕೆದಕಿತು. ಹೊಲದ ಕಳವನ್ನು ವರದಿ ಮಾಡಲೆಂದು ಬೀಟಿನ ಪೇದೆ ವಿಶ್ವಾಸಕ್ಕೆ ತೆಗೆದುಕೊಳ್ಳಬೇಕಾದ ರೈತರೂ ಇದೇ ಸಮುದಾಯದವರು.

ದೂರು ನೀಡುವ ಕ್ರಮ

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ ಅಪರಾಧ ಎಲ್ಲಿಯೇ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ಮಾಹಿತಿ ನೀಡಬಹುದು. ಬೆಳವಣಕಿಯ ಕೂಲಿಕಾರನೊಬ್ಬ ಊರಿನ ಕಳವಿನ ಬಗ್ಗೆ ತಾನು ದುಡಿಯುವ ಪಟ್ಟಣದ ಠಾಣೆಯಲ್ಲೇ ದೂರು ಕೊಡಬಹುದು ಎಂಬುದು ಇದರ ಅರ್ಥ. ಮಿಂಚಂಚೆಯಂತಹ ವಿದ್ಯುನ್ಮಾನ ವಿಧಾನದಲ್ಲಿ ಕಳುಹಿಸಿದ ದೂರಿಗೆ ಮೂರು ದಿನಗಳೊಳಗೆ ಸಹಿ ಮಾಡಬೇಕು. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. ಠಾಣೆಯಲ್ಲಿ ದೂರು ದಾಖಲಿಸದಿದ್ದರೆ ಅದರ ಸಾರಾಂಶವನ್ನು ಲಿಖಿತವಾಗಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯ ಮೂಲಕ ಕಳುಹಿಸಬಹುದು; ಅಲ್ಲಿಯೂ ಕ್ರಮವಾಗದಿದ್ದಲ್ಲಿ ದಂಡಾಧಿಕಾರಿಗಳಿಗೆ ಅರ್ಜಿ ಸಲ್ಲಿಸಬಹುದು.