ವಿಕೋಪದ ಅಂದಾಜು: ಕರ್ನಾಟಕದ ಹಳ್ಳಿಗಳಲ್ಲಿ ನಡೆದು ಬಂದ ದಾರಿ

ಬರ, ನೆರೆ, ಸಿಡಿಲುಗಳಿಂದ ಯಾವ ಊರಿಗೆ ಎಷ್ಟು ಅಪಾಯವಿದೆ ಎಂದು ಲೆಕ್ಕ ಹಾಕುವ ಕೆಲಸ ಕರ್ನಾಟಕದಲ್ಲಿ ನಡೆಯುವುದು ಬೆಂಗಳೂರಿನ ಉತ್ತರಕ್ಕಿರುವ ಯಲಹಂಕದಲ್ಲಿ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಲ್ಲಿ. ಈ ಕೆಲಸದ ಇತಿಹಾಸದಲ್ಲಿ ಒಂದು ಸಂಗತಿ ಎದ್ದು ಕಾಣುತ್ತದೆ: ಅಳೆಯುವ ಪ್ರದೇಶ ಕಿರಿದಾದಷ್ಟೂ ಅಂದಾಜು ನ್ಯಾಯಕ್ಕೆ ಹತ್ತಿರವಾಗಿದೆ.

ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ (1876–78) ಇಂಥ ಅಂದಾಜೇ ಇರಲಿಲ್ಲ. 1871ರ ಜನಗಣತಿಯಲ್ಲಿ 50 ಲಕ್ಷ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಆಮೇಲೆ ಬಂದ ಕ್ಷಾಮ ಸಂಹಿತೆಗಳು ಧಾನ್ಯದ ಬೆಲೆ ಏರುವುದನ್ನೂ ಜನ ಗುಳೆ ಹೊರಡುವುದನ್ನೂ ಅಪಾಯದ ಗುರುತುಗಳೆಂದು ಎಣಿಸಿದವು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳಲ್ಲಿ ಪೂರ್ಣ ಬೆಳೆಯನ್ನು ಹದಿನಾರಾಣೆ ಎಂದಿಟ್ಟುಕೊಂಡು ಹಾನಿ ಅಳೆಯುವ ಆಣೆವಾರಿ ನಡೆಯುತ್ತಿತ್ತು. ಎರಡೂ ಕಷ್ಟ ಕಣ್ಣಿಗೆ ಬಿದ್ದ ಮೇಲಿನ ಲೆಕ್ಕಗಳೇ.

1988ರಲ್ಲಿ ರಾಜ್ಯ ಸರ್ಕಾರ ಬರ ಉಸ್ತುವಾರಿ ಕೋಶ ತೆರೆಯಿತು; ದೇಶದಲ್ಲೇ ಇದು ಮೊದಲನೆಯದು. 2007ರಲ್ಲಿ ಅದಕ್ಕೆ ಈಗಿನ ಹೆಸರು ಬಂತು, ಎಲ್ಲ ವಿಕೋಪಗಳೂ ಅದರ ವ್ಯಾಪ್ತಿಗೆ ಸೇರಿದವು. ತಾಲ್ಲೂಕಿನ ಸರಾಸರಿಯನ್ನು ನಂಬಿದ್ದ ಲೆಕ್ಕ ಹೋಬಳಿಗೆ, ಅಲ್ಲಿಂದ ಗ್ರಾಮ ಪಂಚಾಯಿತಿಗೆ ಇಳಿಯಿತು. ಸೌರಶಕ್ತಿಯಿಂದ ನಡೆಯುವ ಸುಮಾರು 6,500 ಮಳೆಮಾಪಕಗಳು ಕಾಲು ಗಂಟೆಗೊಮ್ಮೆ ಯಲಹಂಕಕ್ಕೆ ಅಂಕಿ ಕಳಿಸುತ್ತವೆ. ಮಾಪಕದೊಳಗಿನ ಪುಟ್ಟ ಬಟ್ಟಲು ತುಂಬಿದಾಗ ಮಗುಚಿಕೊಳ್ಳುತ್ತದೆ. ಎಷ್ಟು ಸಲ ಮಗುಚಿತು ಎಂಬುದೇ ಮಳೆಯ ಲೆಕ್ಕ. ತಾಲ್ಲೂಕಿನ ಒಂದು ಮೂಲೆಗೆ ಹುಯ್ದ ಮಳೆ ಇನ್ನೊಂದು ಮೂಲೆಯ ಒಣಭೂಮಿಯನ್ನು ಸರಾಸರಿಯಲ್ಲಿ ಮರೆಮಾಚುವುದು ಈ ಪಂಚಾಯಿತಿ ಮಟ್ಟದ ಲೆಕ್ಕದಿಂದ ತಪ್ಪಿತು. ಮಳೆಯಾಶ್ರಿತ ರೈತನ ಪಾಲಿಗೆ ಇದು ಸಣ್ಣ ಬದಲಾವಣೆಯಲ್ಲ.

ಮಳೆಯ ಅಂಕಿಯೊಂದೇ ಅಪಾಯವನ್ನು ಹೇಳಲಾರದು ಎಂಬ ಆಕ್ಷೇಪವಿದೆ. ಅದು ಸರಿಯೇ. ಒಂದೇ ಪಂಚಾಯಿತಿಯಲ್ಲಿ ಕೊಳವೆಬಾವಿ ಇದ್ದವನಿಗೂ ಇಲ್ಲದವನಿಗೂ ಬರ ಒಂದೇ ಅಲ್ಲ. ಮಳೆ ಅಳೆಯುವ ಕೇಂದ್ರ ಯಲಹಂಕದಲ್ಲೇ ಇದ್ದರೂ ಅಲ್ಲಿನ ಕೇಂದ್ರೀಯ ವಿಹಾರ ವಸತಿ ಸಮುಚ್ಚಯ 2021ರ ನವೆಂಬರ್‌ನಲ್ಲೂ 2024ರ ಅಕ್ಟೋಬರ್‌ನಲ್ಲೂ ಜಲಾವೃತವಾಯಿತು, ಏಕೆಂದರೆ ನೀರು ಎಲ್ಲಿ ನಿಲ್ಲುತ್ತದೆ ಎಂಬುದನ್ನು ತೀರ್ಮಾನಿಸುವುದು ಕೆರೆ, ಕಾಲುವೆ, ತಗ್ಗು. ಆದರೆ ಈ ಆಕ್ಷೇಪ ಅಳತೆ ಇನ್ನೂ ಕೆಳಗಿಳಿಯಬೇಕೆಂಬುದಕ್ಕೇ ಬಲ ಕೊಡುತ್ತದೆ. ಕೇಂದ್ರ ಸರ್ಕಾರದ 2016ರ ಬರ ಕೈಪಿಡಿ ಮಳೆಯ ಜತೆಗೆ ಬಿತ್ತನೆ, ಮಣ್ಣಿನ ತೇವ, ಉಪಗ್ರಹ ತೋರುವ ಹಸಿರನ್ನೂ ಪರಿಗಣಿಸಿ, ಹಳ್ಳಿಗಳಿಗೆ ಹೋಗಿ ತಾಳೆ ನೋಡಬೇಕೆನ್ನುವುದು ಇದಕ್ಕಾಗಿಯೇ.

ಅಳೆದರೆ ಪರಿಹಾರ ಬಂದೀತೇ ಎಂಬುದು ಇನ್ನೂ ಗಟ್ಟಿ ಪ್ರಶ್ನೆ. 2023ರಲ್ಲಿ ರಾಜ್ಯ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿ ಕೇಂದ್ರ ಸರ್ಕಾರದಿಂದ 18,171 ಕೋಟಿ ರೂಪಾಯಿ ಕೇಳಿತು. ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಮೇಲೆ, 2024ರ ಏಪ್ರಿಲ್‌ನಲ್ಲಿ, ಸುಮಾರು 3,450 ಕೋಟಿ ಬಿಡುಗಡೆಯಾಯಿತು. ಅಂಕಿಗೆ ತಾನಾಗಿ ಹಣ ತರುವ ಶಕ್ತಿಯಿಲ್ಲ, ಒಪ್ಪೋಣ. ಅಂಕಿಯೇ ಇಲ್ಲದಿದ್ದರೆ ಕೇಳುವುದಕ್ಕೆ ಆಧಾರವೂ ಇರುತ್ತಿರಲಿಲ್ಲ. ಆದ್ದರಿಂದ ಪ್ರತಿ ಪಂಚಾಯಿತಿಯೂ ತನ್ನ ಮಾಪಕದ ಅಂಕಿಯನ್ನು ಕಚೇರಿಯ ಫಲಕದಲ್ಲಿ ಬರೆಯಬೇಕು. ತಪ್ಪಿದ್ದರೆ ಅದನ್ನು ಮೊದಲು ಗುರುತಿಸಬಲ್ಲವನು ಆ ಊರಿನ ರೈತನೇ.