‘11’ ಅಂದರೆ ನಗು, ‘14’ ಅಂದರೆ ಬೇಗ ಶುರು ಮಾಡಿ: ಏಜ್ ಆಫ್ ಎಂಪೈರ್ಸ್ 2 ಆಟಗಾರರ ಕಾಲೆಳೆಯುವ ಭಾಷೆ ಗೊತ್ತಾ?

ಯೂಟ್ಯೂಬ್‌ನಲ್ಲಿ ಏಜ್ ಆಫ್ ಎಂಪೈರ್ಸ್ 2 ಪಂದ್ಯದ ನೇರ ಪ್ರಸಾರ ನೋಡಿದವರಿಗೆ ಒಂದು ವಿಚಿತ್ರ ಕಣ್ಣಿಗೆ ಬಿದ್ದಿರುತ್ತದೆ. ಒಬ್ಬ ಆಟಗಾರನ ರೈತ ಕಾಡುಹಂದಿ ಬೇಟೆಗೆ ಹೋಗಿ ತಾನೇ ಸತ್ತ. ಮರುಕ್ಷಣವೇ ಚಾಟ್‌ನಲ್ಲಿ 11, 11, 11 ಎಂದು ಸಾಲುಗಟ್ಟಿ ಸುರಿಯುತ್ತದೆ. ನಗುವ ಇಮೋಜಿ ಇಲ್ಲ, ‘ಹಹಹ’ ಇಲ್ಲ, ಬರೀ ಹನ್ನೊಂದು. ಹೊಸಬರಿಗೆ ಇದು ಸ್ಕೋರ್ ಇರಬಹುದು ಅನಿಸುತ್ತದೆ. ಅಲ್ಲ, ಇದು 25 ವರ್ಷ ದಾಟಿದ ಆಟವೊಂದರ ಆಟಗಾರರು ನಗುವ ರೀತಿ.

1999ರ ಸೆಪ್ಟೆಂಬರ್‌ನಲ್ಲಿ ಬಂದ ‘ಏಜ್ ಆಫ್ ಎಂಪೈರ್ಸ್ 2: ದಿ ಏಜ್ ಆಫ್ ಕಿಂಗ್ಸ್’ ಮಧ್ಯಯುಗದ ಯುದ್ಧತಂತ್ರದ ಆಟ. ಅಮೆರಿಕದ ಡಲ್ಲಾಸ್‌ನ ಎನ್ಸೆಂಬಲ್ ಸ್ಟುಡಿಯೋಸ್ ಇದನ್ನು ರೂಪಿಸಿತು, ಮೈಕ್ರೋಸಾಫ್ಟ್ ಮಾರುಕಟ್ಟೆಗೆ ತಂದಿತು. ಸಾಮಾನ್ಯ ಪಂದ್ಯದಲ್ಲಿ ಕೈಯಲ್ಲಿರುವುದು ಮೂವರು ರೈತರು, ಒಬ್ಬ ಕುದುರೆ ಸವಾರ, ಒಂದು ಟೌನ್ ಸೆಂಟರ್. ಕುರಿ ಮೇಯಿಸಿ, ಮರ ಕಡಿದು, ಚಿನ್ನ ಅಗೆದು, ಕತ್ತಲ ಯುಗದಿಂದ ಸಾಮ್ರಾಜ್ಯ ಯುಗದವರೆಗೆ ನಾಲ್ಕು ಹಂತ ಏರುತ್ತಾ ಎದುರಾಳಿಯ ಊರನ್ನು ಕೆಡವಬೇಕು. ಒಂದು ಪಂದ್ಯದಲ್ಲಿ ಎಂಟು ಜನರವರೆಗೆ ಆಡಬಹುದು. ಎಂಟು ಜನ ಸೇರಿದ ಕಡೆ ಮಾತು ಬೇಡವೇ?

ಸಂಖ್ಯೆ ಒತ್ತಿದರೆ ಸಾಕು, ದನಿ ಹೊರಡುತ್ತದೆ

ಆಟದ ನಡುವೆ ಟೈಪ್ ಮಾಡುತ್ತಾ ಕೂರಲು ಪುರುಸೊತ್ತು ಇರುವುದಿಲ್ಲ. ಒಂದು ವಾಕ್ಯ ಬರೆಯುವಷ್ಟರಲ್ಲಿ ಎದುರಾಳಿಯ ಬಿಲ್ಲುಗಾರರು ಮರ ಕಡಿಯುವವರ ಮೇಲೆ ಬಿದ್ದಿರುತ್ತಾರೆ. ಇದಕ್ಕೆ ಎನ್ಸೆಂಬಲ್ ತಂಡ ಕೊಟ್ಟ ಉಪಾಯವೇ ‘ಟಾಂಟ್’. ಚಾಟ್ ಪೆಟ್ಟಿಗೆಯಲ್ಲಿ ಒಂದು ಸಂಖ್ಯೆ ಹಾಕಿ ಎಂಟರ್ ಒತ್ತಿದರೆ ಮೊದಲೇ ಧ್ವನಿಮುದ್ರಿಸಿದ ಮಾತು ಎಲ್ಲರಿಗೂ ಕೇಳುತ್ತದೆ. ಮೂಲ ಆಟದಲ್ಲಿ ಇಂಥ 42 ಮಾತುಗಳಿದ್ದವು.

ಮೊದಲ ಕೆಲವು ತೀರಾ ಕೆಲಸದ ಮಾತು. 1 ಅಂದರೆ ಹೌದು, 2 ಅಂದರೆ ಇಲ್ಲ. 3 ಆಹಾರ ಕೇಳಲು, 4 ಮರ ಕೇಳಲು, 5 ಚಿನ್ನಕ್ಕೆ, 6 ಕಲ್ಲಿಗೆ. ತಂಡದಲ್ಲಿ ಆಡುವಾಗ ಮಾರ್ಕೆಟ್ ಕಟ್ಟಿದ ಮೇಲೆ ಒಬ್ಬರು ಇನ್ನೊಬ್ಬರಿಗೆ ಸಾಮಗ್ರಿ ಕಳುಹಿಸಬಹುದು. ಆದರೆ ಶುರುವಿನಲ್ಲಿ ಶೇ.30ರಷ್ಟು ಸುಂಕ ಮುರಿದುಕೊಳ್ಳಲಾಗುತ್ತದೆ, ಅದನ್ನು ಇಳಿಸಲು ಬೇರೆ ಸಂಶೋಧನೆ ಮಾಡಿಸಬೇಕು. ಹಾಗಾಗಿ 5 ಒತ್ತಿ ಒತ್ತಿ ಚಿನ್ನ ಬೇಡುವ ಸ್ನೇಹಿತ ಪ್ರತಿ ತಂಡದಲ್ಲೂ ಒಬ್ಬನಿರುತ್ತಾನೆ, 2 ಒತ್ತಿ ಉತ್ತರ ಕೊಡುವವನೂ ಇರುತ್ತಾನೆ.

ಮಜಾ ಇರುವುದು ಮುಂದಿನ ಸಂಖ್ಯೆಗಳಲ್ಲಿ. 8 ಒತ್ತಿದರೆ ಸೋತವರ ರಾಜನಿಗೆ ಜೈಕಾರ. 20 ಎಂದರೆ ನಿನಗಿಂತ ನನ್ನ ಅಜ್ಜಿಯೇ ಚೆನ್ನಾಗಿ ಹೊಡೆದಾಡುತ್ತಾಳೆ ಎಂಬ ಮೂದಲಿಕೆ. 21 ಎಂದರೆ ಊರು ಚೆನ್ನಾಗಿದೆ, ನಾನೇ ಇಟ್ಟುಕೊಳ್ಳುತ್ತೇನೆ ಎಂಬ ಧಾಟಿ. ಎದುರಾಳಿಯ ಗೋಡೆ ಒಡೆದು ಒಳನುಗ್ಗುವಾಗ ಇದನ್ನು ಒತ್ತುವ ಸುಖವೇ ಬೇರೆ. 27 ಸ್ವಲ್ಪ ಕ್ರೂರ: ಎರಡು ಗಂಟೆ ಆಡಿದ್ದು ಹೀಗೆ ಸಾಯುವುದಕ್ಕಾ ಎಂದು ಕೇಳುತ್ತದೆ. 26 ಅಯ್ಯೋ ಅದ್ಭುತ ಕಟ್ಟಡ ಹೋಯ್ತಲ್ಲ ಎಂಬ ಗೋಳು. ಈ ಆಟದಲ್ಲಿ ‘ವಂಡರ್’ ಕಟ್ಟಿ ನಿಗದಿತ ಕಾಲ ಉಳಿಸಿಕೊಂಡರೂ ಗೆಲ್ಲಬಹುದು. ಕೊನೆಯ ಹೊತ್ತಿಗೆ ಅದು ಕುಸಿದರೆ ಆ ಗೋಳಿನ ಅರ್ಥ ತಿಳಿಯುತ್ತದೆ.

14 ಈಗ ಆಟ ಆರಂಭಕ್ಕೂ ಮುಂಚಿನ ಸಂಪ್ರದಾಯವೇ ಆಗಿದೆ. ಲಾಬಿಯಲ್ಲಿ ಏಳು ಜನ ತಯಾರಾಗಿ ಎಂಟನೆಯವನು ಚಹಾ ತರಲು ಹೋಗಿದ್ದರೆ, ಬೇಗ ಶುರು ಮಾಡ್ರಪ್ಪಾ ಎನ್ನಲು ಎಲ್ಲರೂ 14 ಹೊಡೆಯುತ್ತಾರೆ. ಪಂದ್ಯಾವಳಿಗಳ ನೇರ ಪ್ರಸಾರ ತಡವಾದಾಗ ವೀಕ್ಷಕರೂ ಹೊಡೆಯುತ್ತಾರೆ. 11 ಮಾತ್ರ ಎಲ್ಲವನ್ನೂ ಮೀರಿಸಿತು. ಅದು ಗಹಗಹಿಸಿ ನಗುವ ದನಿ. ಇಂದು ಆಟದ ಹೊರಗೂ, ಸ್ನೇಹಿತರ ವಾಟ್ಸ್ಆ್ಯಪ್ ಗುಂಪಿನಲ್ಲೂ ಹಳೇ ಆಟಗಾರರು 11 ಎಂದೇ ನಗುತ್ತಾರೆ.

‘ವೊಲೊಲೊ’ ಬಂದಿದ್ದೆಲ್ಲಿಂದ?

30 ಒತ್ತಿದರೆ ‘ವೊಲೊಲೊ’ ಎಂಬ ಮಂತ್ರ ಕೇಳುತ್ತದೆ. ಇದರ ಮೂಲ 1997ರ ಮೊದಲ ಏಜ್ ಆಫ್ ಎಂಪೈರ್ಸ್. ಅದರಲ್ಲಿ ಪುರೋಹಿತ ಕೋಲು ಬೀಸಿ ಹೀಗೆ ಜಪಿಸಿದರೆ ಶತ್ರು ಸೈನಿಕನ ಬಣ್ಣ ಬದಲಾಗಿ ನಮ್ಮ ಕಡೆಗೆ ಬಂದುಬಿಡುತ್ತಿದ್ದ. ಎರಡನೇ ಆಟದಲ್ಲಿ ಸನ್ಯಾಸಿಗಳ ದನಿ ಬೇರೆಯಾದರೂ ಹಳೆಯ ಮಂತ್ರವನ್ನು ಟಾಂಟ್ ಆಗಿ ಉಳಿಸಿಕೊಂಡರು. ಅರ್ಥವಿಲ್ಲದ ಈ ಪದ ಎಷ್ಟು ಬೆಳೆಯಿತೆಂದರೆ, 2020ರಲ್ಲಿ ಶುರುವಾದ ದೊಡ್ಡ ಪಂದ್ಯಾವಳಿಗೆ ‘ರೆಡ್ ಬುಲ್ ವೊಲೊಲೊ’ ಎಂದೇ ಹೆಸರಿಟ್ಟರು. 2022ರ ಅಕ್ಟೋಬರ್‌ನಲ್ಲಿ ಇದರ ಒಂದು ಆವೃತ್ತಿ ನಡೆದಿದ್ದು ಜರ್ಮನಿಯ ಹೈಡೆಲ್‌ಬರ್ಗ್ ಕೋಟೆಯಲ್ಲಿ. ಕೋಟೆ ಮುರಿಯುವ ಆಟಕ್ಕೆ ನಿಜವಾದ ಕೋಟೆಯೇ ಅಂಗಳ.

ಮೊಡೆಮ್ ಕಾಲದ ಗುಟ್ಟು

ಈ ಸಂಖ್ಯೆಗಳ ಹಿಂದೆ ತಂತ್ರಜ್ಞಾನದ ಒಂದು ಲೆಕ್ಕಾಚಾರವೂ ಇದೆ. ಇಂಟರ್‌ನೆಟ್‌ನಲ್ಲಿ ದನಿ ಹೋಗುವುದಿಲ್ಲ, ಸಂಖ್ಯೆ ಮಾತ್ರ ಹೋಗುತ್ತದೆ. ದನಿಯ ಕಡತ ಪ್ರತಿಯೊಬ್ಬ ಆಟಗಾರನ ಕಂಪ್ಯೂಟರ್‌ನಲ್ಲೇ ಇರುತ್ತದೆ. ಸಿಡಿ ಕಾಲದಲ್ಲಿ ‘ಟಾಂಟ್’ ಎಂಬ ಫೋಲ್ಡರ್ ತೆರೆದರೆ ಇವೆಲ್ಲ ಎಂಪಿ3 ಕಡತಗಳಾಗಿ ಸಿಗುತ್ತಿದ್ದವು. ಅವನ್ನು ಅಳಿಸಿ ತಮ್ಮದೇ ದನಿ ತುಂಬಿದವರೂ ಇದ್ದರು. ಆದರೆ ಆ ಕಡತ ಎದುರಿನವನ ಕಂಪ್ಯೂಟರ್‌ನಲ್ಲೂ ಇಲ್ಲದಿದ್ದರೆ ಅವನಿಗೆ ಕೇಳುವುದು ಹಳೆಯ ದನಿಯೇ.

ಇಡೀ ಆಟ ನಡೆಯುವುದೂ ಇದೇ ತತ್ವದ ಮೇಲೆ. ಎನ್ಸೆಂಬಲ್‌ನ ಪಾಲ್ ಬೆಟ್ನರ್ ಮತ್ತು ಮಾರ್ಕ್ ಟೆರಾನೊ 2001ರಲ್ಲಿ ಬರೆದ ಪ್ರಬಂಧ ಆಟ ತಯಾರಿಸುವವರ ವಲಯದಲ್ಲಿ ಇಂದಿಗೂ ಓದಿನ ಪಟ್ಟಿಯಲ್ಲಿದೆ. 28.8 ಕಿಲೋಬಿಟ್ ವೇಗದ ಮೊಡೆಮ್‌ನಲ್ಲಿ ಎಂಟು ಜನರ ನೂರಾರು ಸೈನಿಕರ ಚಲನೆಯನ್ನು ಕಳುಹಿಸುವುದು ಆಗದ ಮಾತು. ಹಾಗಾಗಿ ಸೈನಿಕ ಎಲ್ಲಿದ್ದಾನೆ ಎಂಬುದನ್ನು ಕಳುಹಿಸದೆ, ಆಟಗಾರ ಏನು ಆಜ್ಞೆ ಕೊಟ್ಟ ಎಂಬುದನ್ನಷ್ಟೇ ಕಳುಹಿಸಿದರು. ಎಂಟೂ ಕಂಪ್ಯೂಟರ್‌ಗಳು ಒಂದೇ ಆಜ್ಞೆಗಳಿಂದ ಒಂದೇ ಯುದ್ಧವನ್ನು ತಮ್ಮ ತಮ್ಮಲ್ಲೇ ಲೆಕ್ಕ ಹಾಕುತ್ತವೆ.

ಇದರ ಅಡ್ಡಪರಿಣಾಮ ಏನೆಂದರೆ ಎಲ್ಲರೂ ಜೊತೆಯಾಗಿಯೇ ಹೆಜ್ಜೆ ಇಡಬೇಕು. ಒಬ್ಬನ ಕಂಪ್ಯೂಟರ್ ಅಥವಾ ಇಂಟರ್‌ನೆಟ್ ನಿಧಾನವಾದರೆ ಎಂಟು ಜನರ ಆಟವೂ ತೆವಳುತ್ತದೆ. ಟಾಂಟ್ ಸಂಖ್ಯೆ 13 ಹುಟ್ಟಿದ್ದು ಇಲ್ಲೇ ಇರಬೇಕು. ಸೋತಿದ್ದಕ್ಕೆ ನಿನ್ನ ಇಂಟರ್‌ನೆಟ್ ಕಂಪನಿಯ ಮೇಲೆ ತಪ್ಪು ಹೊರಿಸು, ಬಿಡು ಎಂದು ಅದು ಚುಚ್ಚುತ್ತದೆ. 2000ದ ದಶಕದಲ್ಲಿ ಸೈಬರ್ ಕೆಫೆಯಲ್ಲೋ ಕಾಲೇಜು ಹಾಸ್ಟೆಲ್‌ನ ಲ್ಯಾನ್‌ನಲ್ಲೋ ಆಡಿದವರಿಗೆ ಇದು ಬೇಕಾಗಿರಲಿಲ್ಲ. ‘ಗುರೂ, ನಂದೇ ಕುರಿ ಕದ್ದೆಯಲ್ಲೋ’ ಎಂದು ಪಕ್ಕದ ಕ್ಯಾಬಿನ್‌ಗೆ ನೇರವಾಗಿ ಕೂಗಿದರೆ ಮುಗಿಯಿತು.

ಕುರಿ ಕದಿಯುವುದು ತಪ್ಪೋ, ಜಾಣತನವೋ?

ಕೂಗಾಟಕ್ಕೆ ಕಾರಣ ಹೆಚ್ಚಾಗಿ ಇದೇ. ಆಟದ ಶುರುವಿನಲ್ಲಿ ಪ್ರತಿಯೊಬ್ಬರಿಗೂ ಎಂಟು ಕುರಿ, ಎರಡು ಕಾಡುಹಂದಿ ಸಿಗುವುದು ವಾಡಿಕೆ. ಅವೇ ಮೊದಲ ಹತ್ತು ನಿಮಿಷದ ಅನ್ನ. ಒಬ್ಬ ರೈತನನ್ನು ತಯಾರಿಸಲು 50 ಆಹಾರ ಬೇಕು, ಮುಂದಿನ ಯುಗಕ್ಕೆ ಹೋಗಲು 500. ಎದುರಾಳಿಯ ಕುದುರೆ ಸವಾರ ಬಂದು ಕಾಡುಹಂದಿಯನ್ನು ಕೆಣಕಿ ತನ್ನ ಊರಿಗೆ ಓಡಿಸಿಕೊಂಡು ಹೋದರೆ ಅರ್ಧ ಆಟ ಅಲ್ಲೇ ಹೋದಂತೆ. ಇದಕ್ಕೆ ಆಟಗಾರರ ಭಾಷೆಯಲ್ಲಿ ‘ಲೇಮಿಂಗ್’ ಎಂದು ಹೆಸರು. ಇದು ಮರ್ಯಾದೆಗೇಡು ಎನ್ನುವವರಿದ್ದಾರೆ, ಯುದ್ಧದಲ್ಲಿ ಶತ್ರುವಿನ ಊಟ ಕಸಿಯುವುದು ತಂತ್ರವಲ್ಲದೆ ಮತ್ತೇನು ಎನ್ನುವವರೂ ಇದ್ದಾರೆ. ಬಹುಮಾನದ ಹಣ ಇರುವ ಪಂದ್ಯಗಳಲ್ಲಿ ಎರಡನೆಯವರದ್ದೇ ಮೇಲುಗೈ. ಹಳ್ಳಿಯಲ್ಲಿ ಕುರಿ ಕಳೆದುಕೊಂಡವನಿಗೆ ಬರುವ ಸಿಟ್ಟು ಮಾತ್ರ ಇಲ್ಲೂ ಅಷ್ಟೇ ನಿಜ.

‘ಜಿಜಿ’ ಎಂಬ ಎರಡಕ್ಷರದ ವಿಷಯದಲ್ಲೂ ಹೀಗೆಯೇ. ಆಟ ಚೆನ್ನಾಗಿತ್ತು ಎಂಬುದು ಇದರ ಅರ್ಥ. ಸೋತವನು ಇದನ್ನು ಬರೆದು ಶರಣಾಗುವುದು ವಾಡಿಕೆ. ಇನ್ನೂ ಯುದ್ಧ ನಡೆಯುತ್ತಿರುವಾಗಲೇ ಗೆಲ್ಲುತ್ತಿರುವವನು ಮೊದಲು ‘ಜಿಜಿ’ ಬರೆದರೆ ಅದು ಅಭಿನಂದನೆಯಲ್ಲ, ಅವಮಾನ.

ಕೀಟಲೆ ಮುಗಿದು ಬೈಗುಳ ಶುರುವಾಗುವುದೆಲ್ಲಿ?

ಟಾಂಟ್‌ಗಳಿಗೆ ಒಂದು ಗುಣವಿದೆ. ಅವು ಎಲ್ಲರಿಗೂ ಒಂದೇ. ಎದುರಿಗಿರುವವನು ಬ್ರೆಜಿಲ್‌ನವನೋ ವಿಯೆಟ್ನಾಂನವನೋ, ಅವನಿಗೂ 20ರ ಅಜ್ಜಿ ಗೊತ್ತು. ಮಾತು ಮೊದಲೇ ನಿಗದಿಯಾಗಿರುವುದರಿಂದ ಅದು ಯಾರ ದೇಶ, ಬಣ್ಣ, ಮನೆಯವರ ತನಕವೂ ಹೋಗುವುದಿಲ್ಲ. ತೊಂದರೆ ಬರುವುದು ಕೈಯಾರೆ ಟೈಪ್ ಮಾಡಿದಾಗ. 4 ವಿರುದ್ಧ 4 ಪಂದ್ಯದಲ್ಲಿ ಅಂಚಿನಲ್ಲಿರುವ ಆಟಗಾರನ ಮೇಲೆ ಇಬ್ಬರು ಬಿದ್ದು ಅವನು ಕುಸಿದರೆ, ಬೈಯುವವರು ಶತ್ರುಗಳಲ್ಲ, ಸ್ವಂತ ತಂಡದವರು. ಗೆದ್ದರೆ ಏರುವ, ಸೋತರೆ ಇಳಿಯುವ ರೇಟಿಂಗ್ ಅಂಕ ಬೇರೆ. 1000ದಿಂದ ಶುರುವಾಗುವ ಆ ಅಂಕ ಕೆಳಗಿಳಿದಂತೆಲ್ಲ ಕೆಲವರ ಬಾಯಿಯೂ ಕೆಳಗಿಳಿಯುತ್ತದೆ.

ಹೊಸದಾಗಿ ಆಡಲು ಬಂದವರು ಎರಡು ಮೂರು ಪಂದ್ಯಕ್ಕೇ ಕೈಬಿಡುವುದಕ್ಕೆ ಕಷ್ಟದ ಎದುರಾಳಿಗಿಂತ ಇಂಥ ಮಾತು ಹೆಚ್ಚು ಕಾರಣವಾಗಬಲ್ಲದು. ಈಗಿನ ಆವೃತ್ತಿಯಲ್ಲಿ ಅಂಥವರನ್ನು ಮ್ಯೂಟ್ ಮಾಡುವ, ದೂರು ಕೊಡುವ ವ್ಯವಸ್ಥೆ ಇದೆ. ಮಗನೋ ಮಗಳೋ ಆಡುತ್ತಿದ್ದರೆ ಮೊದಲ ದಿನವೇ ಆ ಗುಂಡಿ ಎಲ್ಲಿದೆ ಎಂದು ತೋರಿಸಿಕೊಡುವುದು ಒಳ್ಳೆಯದು.

ಅದಕ್ಕೆ ವಿರುದ್ಧವಾದ ಉದಾಹರಣೆಯೂ ಇದೇ ಆಟದಲ್ಲಿದೆ. ‘ಟಿ90’ ಹೆಸರಿನಲ್ಲಿ ಖ್ಯಾತನಾದ ಅಮೆರಿಕದ ಕಾಮೆಂಟೇಟರ್ ‘ಲೋ ಎಲೋ ಲೆಜೆಂಡ್ಸ್’ ಸರಣಿಯಲ್ಲಿ ತೀರಾ ಕಡಿಮೆ ರೇಟಿಂಗ್‌ನವರ ಪಂದ್ಯಗಳನ್ನು ಫೈನಲ್ ಪಂದ್ಯದ ಹುರುಪಿನಲ್ಲೇ ವಿವರಿಸುತ್ತಾನೆ. ಅಲ್ಲಿಯೂ 11 ಸುರಿಯುತ್ತದೆ, ಆದರೆ ತಪ್ಪು ಮಾಡಿದವನೇ ಅಲ್ಲಿ ಹೀರೋ. ಅವನೇ ನಡೆಸುವ ‘ಹಿಡನ್ ಕಪ್’ನಲ್ಲಿ ಘಟಾನುಘಟಿ ಆಟಗಾರರು ಚರಿತ್ರೆಯ ವೀರರ ಹೆಸರಿನ ಹಿಂದೆ ಅಡಗಿ ಆಡುತ್ತಾರೆ. ಆಡುವ ಶೈಲಿ ನೋಡಿ ಯಾರು ಯಾರೆಂದು ವೀಕ್ಷಕರು ಊಹಿಸಬೇಕು.

ಕನ್ನಡದ ‘ಉಕ್ಕು’ ಇದೆ, ಕನ್ನಡದ ರಾಜರು?

ಆಟ ಇಷ್ಟು ವರ್ಷ ಬದುಕಿದ್ದೇ ಆಟಗಾರರಿಂದ. ಮೈಕ್ರೋಸಾಫ್ಟ್‌ನ ಗೇಮಿಂಗ್ ಝೋನ್ 2006ರಲ್ಲಿ ಇಂಥ ಸಿಡಿ ಆಟಗಳಿಗೆ ಬಾಗಿಲು ಹಾಕಿತು, ಎನ್ಸೆಂಬಲ್ 2009ರಲ್ಲಿ ಮುಚ್ಚಿತು. ಅಭಿಮಾನಿಗಳು ಬೇರೆ ತಾಣಗಳಲ್ಲಿ ಸೇರಿ ಆಡುತ್ತಲೇ ಇದ್ದರು. ಅಭಿಮಾನಿಗಳ ಗುಂಪೊಂದು ತಾವೇ ಮಾಡಿದ ‘ಫಾರ್ಗಾಟನ್ ಎಂಪೈರ್ಸ್’ 2013ರಲ್ಲಿ ಅಧಿಕೃತ ವಿಸ್ತರಣೆಯಾಗಿ ಹೊರಬಂತು. ಭಾರತೀಯರು ಆಟಕ್ಕೆ ಬಂದದ್ದು ಅದರಲ್ಲೇ. 2019ರ ನವೆಂಬರ್‌ನಲ್ಲಿ ಹೊಸ ರೂಪದ ‘ಡೆಫಿನಿಟಿವ್ ಎಡಿಷನ್’ ಬಂತು.

2022ರ ಏಪ್ರಿಲ್‌ನ ‘ಡೈನಾಸ್ಟೀಸ್ ಆಫ್ ಇಂಡಿಯಾ’ ವಿಸ್ತರಣೆ ‘ಭಾರತೀಯರು’ ಎಂಬ ಒಂದೇ ಪಡೆಯನ್ನು ಒಡೆದು ಹಿಂದೂಸ್ತಾನಿ, ಬಂಗಾಳಿ, ಗುರ್ಜರ, ದ್ರಾವಿಡ ಎಂದು ನಾಲ್ಕು ಮಾಡಿತು. ದ್ರಾವಿಡರ ವಿಶೇಷ ಯೋಧನ ಕೈಯಲ್ಲಿರುವುದು ಸುರುಳಿಯಂತೆ ಬಾಗುವ ‘ಉರುಮಿ’ ಕತ್ತಿ. ಅವರ ವಿಶೇಷ ಸಂಶೋಧನೆ ‘ವೂಟ್ಜ್ ಸ್ಟೀಲ್’. ಇದನ್ನು ಮಾಡಿಸಿದರೆ ಕಾಲಾಳು ಮತ್ತು ಕುದುರೆ ಸವಾರರ ಏಟಿಗೆ ಎದುರಾಳಿಯ ಕವಚ ಲೆಕ್ಕಕ್ಕೇ ಬರುವುದಿಲ್ಲ. ಈ ‘ವೂಟ್ಜ್’ ಕನ್ನಡ, ತೆಲುಗಿನ ‘ಉಕ್ಕು’ ಪದವೇ ಇಂಗ್ಲಿಷರ ಬಾಯಲ್ಲಿ ಬದಲಾದದ್ದು ಎಂಬುದು ಹೆಚ್ಚಿನವರು ಒಪ್ಪುವ ಅಭಿಪ್ರಾಯ.

ಆದರೆ ದ್ರಾವಿಡರ ಕಥೆಯ ಅಭಿಯಾನದಲ್ಲಿ ನಾಯಕ ಚೋಳರ ರಾಜೇಂದ್ರ. ಹೊಯ್ಸಳರಿಗೂ ವಿಜಯನಗರಕ್ಕೂ ಪ್ರತ್ಯೇಕ ಪಡೆ ಇಲ್ಲ. ಇನ್ನೊಂದು ತಮಾಷೆಯೆಂದರೆ ದ್ರಾವಿಡರಿಗೆ ‘ನೈಟ್’ ಎಂಬ ಬಲಿಷ್ಠ ಅಶ್ವಪಡೆಯೇ ಇಲ್ಲ, ಆನೆಯೇ ಗತಿ. ಭಟ್ಕಳ, ಗೋವಾ ಬಂದರುಗಳಿಂದ ಹಡಗುಗಟ್ಟಲೆ ಕುದುರೆ ತರಿಸಿದ ವಿಜಯನಗರವನ್ನು ಬಲ್ಲ ಕನ್ನಡದ ಆಟಗಾರನಿಗೆ ಇಲ್ಲಿ ಒಂದು ಸಕಾರಣ ತಕರಾರು ಸಿಕ್ಕಂತಾಯಿತು. ದ್ರಾವಿಡರನ್ನು ಆರಿಸಿಕೊಂಡು ಕುದುರೆಗಳ ದಾಳಿಗೆ ಸೋತಾಗ ಸ್ನೇಹಿತರಿಂದ ಬರುವ ಉತ್ತರ ಮಾತ್ರ ಬದಲಾಗುವುದಿಲ್ಲ: 11.